ಒಬ್ಬ ರೋಗಿಯ ಕಥೆ, ಎಲ್ಲರ ಆರೋಗ್ಯ ನೀತಿ: ಪತ್ರಿಕೆ ಓದುವ ಬಗೆ

ರಾಜ್ಯಶಾಸ್ತ್ರದ ತರಗತಿಯಲ್ಲಿ 'ಸಾರ್ವಜನಿಕ ನೀತಿ' ಎಂಬ ಮಾತು ಬಂದ ಕೂಡಲೇ ಹಿಂದಿನ ಬೆಂಚುಗಳಲ್ಲಿ ಆಕಳಿಕೆ ಶುರುವಾಗುತ್ತದೆ. ಅದೇ ವಿದ್ಯಾರ್ಥಿಗಳು ಮಧ್ಯಾಹ್ನದ ಬಿಡುವಿನಲ್ಲಿ ವಾಚನಾಲಯಕ್ಕೆ ಹೋಗಿ, ಆಂಬುಲೆನ್ಸ್ ಸಿಗದೆ ಪರದಾಡಿದ ಗರ್ಭಿಣಿಯ ಸುದ್ದಿಯನ್ನೋ ಮಗುವಿನ ಶಸ್ತ್ರಚಿಕಿತ್ಸೆಗೆ ಹಣವಿಲ್ಲದ ಕೂಲಿ ಕಾರ್ಮಿಕನ ಸುದ್ದಿಯನ್ನೋ ಉಸಿರು ಬಿಗಿಹಿಡಿದು ಓದುವುದನ್ನು ನಾನು ನೋಡಿದ್ದೇನೆ. ಪಾಠದಲ್ಲಿ ಬೇಸರ ತಂದ ವಿಷಯವೇ ಪತ್ರಿಕೆಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. ಪಾಠದಲ್ಲಿ ಅದಕ್ಕೆ ಮುಖವಿಲ್ಲ, ಪತ್ರಿಕೆಯಲ್ಲಿ ಮುಖವಿದೆ. ವ್ಯತ್ಯಾಸ ಇಷ್ಟೇ.

ಆರೋಗ್ಯ ಸೇವೆಯ ಬಗ್ಗೆ ಬರೆಯುವಾಗ ಪತ್ರಿಕೆಗಳು ಒಬ್ಬ ವ್ಯಕ್ತಿಯ ಕಥೆಯನ್ನು ಯಾಕೆ ಮುಂದಿಡುತ್ತವೆ? ಅದರಿಂದ ಆಗುವ ಒಳಿತೇನು, ಮರೆಯಾಗುವುದೇನು? ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮಗೆ ಇದು ಬರೀ ಪರೀಕ್ಷೆಯ ವಿಷಯವಲ್ಲ. ಕಾಯಿಲೆ ಗಂಭೀರವಾದರೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಅಲ್ಲಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಹೊರಡುವವರು ನಾವು. ನಾಳೆ ಅಂಥ ಸುದ್ದಿಯೊಳಗಿನ ಮುಖ ನಮ್ಮ ಮನೆಯವರದೇ ಆಗಿರಬಹುದು.

ಒಂದು ಸಾವು, ಒಂದು ಯೋಜನೆ

2016ರ ಫೆಬ್ರುವರಿ 16ರಂದು ಗುಬ್ಬಿ ಕಡೆಯಿಂದ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಯ ಅಡಿಗೆ ಸಿಕ್ಕಿದ. ದೇಹ ಎರಡು ಭಾಗವಾಗಿತ್ತು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ. ಅವನು ಉಳಿಯಲಿಲ್ಲ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ರಾಜ್ಯದ ಪತ್ರಿಕೆಗಳೆಲ್ಲ ಈ ಸುದ್ದಿಯನ್ನು ದೊಡ್ಡದಾಗಿ ಪ್ರಕಟಿಸಿದವು.

ಮುಂದಿನ ತಿಂಗಳೇ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ'ಯನ್ನು ಜಾರಿಗೆ ತಂದಿತು. ಕರ್ನಾಟಕದ ರಸ್ತೆಗಳಲ್ಲಿ ಅಪಘಾತಕ್ಕೀಡಾದ ಯಾರಿಗೇ ಆಗಲಿ, ಅವರು ಯಾವ ಊರಿನವರೇ ಆಗಿರಲಿ, ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆಗೆ 25,000 ರೂಪಾಯಿವರೆಗಿನ ವೆಚ್ಚವನ್ನು ಸರ್ಕಾರ ಭರಿಸುವುದು ಇದರ ತಿರುಳಾಗಿತ್ತು. ಗಾಯಾಳುವಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದು ಎಂಬ ಕೇಂದ್ರದ ಮಾರ್ಗಸೂಚಿಗಳಿಗೆ ಅದೇ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು.

ರಸ್ತೆ ಅಪಘಾತದಲ್ಲಿ ಸಾಯುವವರ ಲೆಕ್ಕ ಸರ್ಕಾರದ ಕಡತಗಳಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಅನೇಕರು ಬದುಕುತ್ತಾರೆ ಎಂಬುದು ವೈದ್ಯರಿಗೆ ಗೊತ್ತಿದ್ದ ವಿಷಯವೇ. ಕಡತ ಮಾಡದಿದ್ದ ಕೆಲಸವನ್ನು ಒಬ್ಬ ಯುವಕನ ಕೊನೆಯ ಮಾತು ಮಾಡಿತು. ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುವ ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ ಓಡಾಡುವ ನಮಗೂ ಆ ಯೋಜನೆ ಅನ್ವಯಿಸಿತು. ಆದ್ದರಿಂದ ವೈಯಕ್ತಿಕ ಕಥೆಗಳೆಲ್ಲ ಬರೀ ಕಣ್ಣೀರಿನ ಸುದ್ದಿ ಎಂದು ತಳ್ಳಿಹಾಕುವುದು ಸರಿಯಲ್ಲ. ಕಥೆಗೆ ಬಾಗಿಲು ತೆರೆಸುವ ಶಕ್ತಿ ಇದೆ.

ಅಂಕಿ ಸೋತಲ್ಲಿ ಮುಖ ಗೆಲ್ಲುತ್ತದೆ

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನರಿಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿನ ಪರಿಹಾರಕ್ಕೆ ಅದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಒಂದು ಗುಂಪಿಗೆ ಲಕ್ಷಾಂತರ ಜನರ ಅಂಕಿಅಂಶಗಳನ್ನು ತೋರಿಸಿದರು. ಇನ್ನೊಂದಕ್ಕೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಚಿತ್ರ ಮತ್ತು ಕಥೆ ಕೊಟ್ಟರು. ಅಂಕಿ ನೋಡಿದವರು ಸರಾಸರಿ 1.14 ಡಾಲರ್ ಕೊಟ್ಟರೆ, ಹುಡುಗಿಯ ಕಥೆ ಓದಿದವರು 2.38 ಡಾಲರ್ ಕೊಟ್ಟರು. ಮೂರನೆಯ ಗುಂಪಿಗೆ ಎರಡನ್ನೂ ಒಟ್ಟಿಗೆ ಕೊಟ್ಟಾಗ ಮೊತ್ತ 1.43 ಡಾಲರ್‌ಗೆ ಇಳಿಯಿತು. ಕಥೆಯ ಪಕ್ಕದಲ್ಲಿ ಅಂಕಿ ಬಂದು ಕೂತ ಕೂಡಲೇ ಮನಸ್ಸಿನ ಬಿಸಿ ಆರಿತು. ವರದಿಗಾರರು ಕಥೆಯಿಂದಲೇ ಸುದ್ದಿಯನ್ನು ಆರಂಭಿಸುವುದಕ್ಕೂ ಅಂಕಿಗಳನ್ನು ಕೊನೆಯ ಪ್ಯಾರಾಕ್ಕೆ ತಳ್ಳುವುದಕ್ಕೂ ಕಾರಣ ಇಲ್ಲಿದೆ.

ಈ ಶಕ್ತಿಗೆ ಇನ್ನೊಂದು ಮಗ್ಗುಲೂ ಇದೆ. ಭಾರತೀಯ ಮೂಲದ ರಾಜ್ಯಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಅಮೆರಿಕದ ಟಿ.ವಿ. ಸುದ್ದಿಗಳನ್ನು ಅಧ್ಯಯನ ಮಾಡಿ 1991ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅವರು ಸುದ್ದಿಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಬ್ಬ ವ್ಯಕ್ತಿಯ ಅಥವಾ ಒಂದು ಘಟನೆಯ ಮೂಲಕ ಹೇಳುವುದು ಒಂದು ಬಗೆ, ವಿಷಯದ ಹಿನ್ನೆಲೆ, ಕಾರಣ, ಒಟ್ಟು ಚಿತ್ರಣ ಕೊಡುವುದು ಇನ್ನೊಂದು. ಬಡತನದ ಬಗ್ಗೆ ಮೊದಲ ಬಗೆಯ ಸುದ್ದಿ ನೋಡಿದವರು ಬಡವನನ್ನೇ ಹೊಣೆ ಮಾಡುವ ಕಡೆಗೆ ವಾಲಿದರು. ಎರಡನೆಯ ಬಗೆಯದನ್ನು ನೋಡಿದವರು ಸಮಾಜ ಮತ್ತು ಸರ್ಕಾರದ ಹೊಣೆಯನ್ನು ಗುರುತಿಸಿದರು. ಅಂದರೆ ಒಬ್ಬ ರೋಗಿಯ ಕಥೆ ನಮ್ಮಲ್ಲಿ ಕರುಣೆ ಹುಟ್ಟಿಸಿಯೂ, ಯಾರು ಹೊಣೆ ಎಂಬ ಪ್ರಶ್ನೆಯನ್ನು ಮರೆಸಿಬಿಡಬಹುದು. 'ಅಯ್ಯೋ ಪಾಪ' ಎನ್ನುವುದು ಸುಲಭ. ಆ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ ಎಂದು ಕೇಳುವುದು ಕಷ್ಟ.

ನಾಲ್ಕು ಬಗೆಯ ಕಥೆಗಳು

ಕನ್ನಡ ಪತ್ರಿಕೆಗಳ ಆರೋಗ್ಯ ಸುದ್ದಿಗಳನ್ನು ಗಮನವಿಟ್ಟು ಓದಿದರೆ ಸಾಮಾನ್ಯವಾಗಿ ನಾಲ್ಕು ಬಗೆಯ ಕಥೆಗಳು ಸಿಗುತ್ತವೆ.

ಮೊದಲನೆಯದು ನೋವಿನ ಕಥೆ. ವೈದ್ಯರಿಲ್ಲ, ಔಷಧವಿಲ್ಲ, ಹಾಸಿಗೆಯಿಲ್ಲ, ಅದರಿಂದ ಒಬ್ಬರಿಗೆ ಹೀಗಾಯಿತು ಎನ್ನುವುದು. ಇದು ಅಧಿಕಾರಿಗಳನ್ನು ಎಚ್ಚರಿಸುತ್ತದೆ.

ಎರಡನೆಯದು ನೆರವಿನ ಮೊರೆ. ರೋಗಿಯ ಫೋಟೊ, ಕಾಯಿಲೆಯ ಹೆಸರು, ಬೇಕಾದ ಮೊತ್ತ, ಬ್ಯಾಂಕ್ ಖಾತೆ ಸಂಖ್ಯೆ. ಇದು ದಾನಿಗಳನ್ನು ತಲುಪುತ್ತದೆ.

ಮೂರನೆಯದು ಫಲಾನುಭವಿಯ ಕಥೆ. ಯಾವುದೋ ಯೋಜನೆಯಿಂದ ಉಚಿತ ಚಿಕಿತ್ಸೆ ಪಡೆದವರು ನಗುತ್ತಿರುವ ಚಿತ್ರ. ಇದು ಸರ್ಕಾರದ ಜಾಹೀರಾತಿನಲ್ಲಿ ಹೆಚ್ಚು, ಕೆಲವೊಮ್ಮೆ ಸುದ್ದಿಯ ರೂಪದಲ್ಲೂ ಬರುತ್ತದೆ.

ನಾಲ್ಕನೆಯದು ಸೇವಕರ ಕಥೆ. ಹೊಳೆ ದಾಟಿ ಲಸಿಕೆ ಹಾಕಿದ ಆರೋಗ್ಯ ಸಹಾಯಕಿ, ರಾತ್ರಿಯಿಡೀ ಹೆರಿಗೆಗೆ ಜೊತೆಗಿದ್ದ ಆಶಾ ಕಾರ್ಯಕರ್ತೆ. ಓದಿದರೆ ಮನಸ್ಸು ತುಂಬುತ್ತದೆ. ಆದರೆ ಅದೇ ಆಶಾ ಕಾರ್ಯಕರ್ತೆ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತಾಗ ಅವಳು ವ್ಯಕ್ತಿಯಾಗಿ ಉಳಿಯುವುದಿಲ್ಲ, 'ಪ್ರತಿಭಟನಾಕಾರರು' ಎಂಬ ಗುಂಪಿನಲ್ಲಿ ಸೇರಿಹೋಗುತ್ತಾಳೆ.

ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಒಂದು ಕಿಟಕಿ. ಕಿಟಕಿಯಿಂದ ಕಾಣುವುದಷ್ಟೇ ಇಡೀ ಊರು ಎಂದುಕೊಂಡರೆ ಮಾತ್ರ ತೊಂದರೆ.

2017ರ ನವೆಂಬರ್: ಎರಡೂ ಕಡೆಯ ಕಥೆಗಳು

ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ನಿಯಂತ್ರಿಸುವ 2007ರ ಕಾಯ್ದೆಗೆ 2017ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ಮಸೂದೆ ತಂದಿತು. ಆಗ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರು, ಸಿದ್ದರಾಮಯ್ಯ ಮುಖ್ಯಮಂತ್ರಿ. ಚಿಕಿತ್ಸೆಯ ದರ ನಿಗದಿ, ರೋಗಿಗಳ ದೂರು ಕೇಳಲು ಜಿಲ್ಲಾ ಮಟ್ಟದ ವ್ಯವಸ್ಥೆ, ತಪ್ಪಿಗೆ ಜೈಲು ಶಿಕ್ಷೆ ಮುಂತಾದ ಅಂಶಗಳು ಅದರಲ್ಲಿದ್ದವು. ಇದನ್ನು ವಿರೋಧಿಸಿ ನವೆಂಬರ್ ಮಧ್ಯದಲ್ಲಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಸೇವೆ ನಿಲ್ಲಿಸಿದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು.

ಆ ವಾರದ ಪತ್ರಿಕೆಗಳು ಬಾಗಿಲು ಹಾಕಿದ ಆಸ್ಪತ್ರೆಗಳ ಮುಂದೆ ಕಂದಮ್ಮಗಳನ್ನು ಎತ್ತಿಕೊಂಡು ನಿಂತ ತಾಯಂದಿರ ಚಿತ್ರಗಳಿಂದ, ಚಿಕಿತ್ಸೆ ಸಿಗದೆ ಸತ್ತವರ ಸುದ್ದಿಗಳಿಂದ ತುಂಬಿದ್ದವು. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ, ಬಿಲ್ ಕಟ್ಟದ ಕಾರಣ ಹೆಣವನ್ನೂ ಬಿಟ್ಟುಕೊಡಲಿಲ್ಲ ಎಂಬ ಕುಟುಂಬಗಳ ಕಥೆಗಳು ಮಸೂದೆಯ ಪರವಾಗಿ ಮಾತಾಡಿದ್ದವು. ವೈದ್ಯರೂ ತಮ್ಮ ಕಥೆಗಳನ್ನು ಮುಂದಿಟ್ಟರು. ರೋಗಿಯ ಕಡೆಯವರಿಂದ ಹಲ್ಲೆಗೊಳಗಾದ ವೈದ್ಯ, ಸಾಲ ಮಾಡಿ ಸಣ್ಣ ಊರಿನಲ್ಲಿ ನರ್ಸಿಂಗ್ ಹೋಂ ಕಟ್ಟಿದ ದಂಪತಿ.

ಇಲ್ಲಿ ಕಲಿಯಬೇಕಾದ ಪಾಠ ಎರಡು. ಮೊದಲನೆಯದು ತರ್ಕದ ಪಾಠ. ಮುಷ್ಕರದ ದಿನ ಒಬ್ಬರು ಸತ್ತರು ಎಂಬುದೂ ಮುಷ್ಕರದಿಂದಲೇ ಸತ್ತರು ಎಂಬುದೂ ಬೇರೆ ಬೇರೆ ಮಾತು. ಮುಷ್ಕರವಿಲ್ಲದ ದಿನಗಳಲ್ಲೂ ಆಸ್ಪತ್ರೆಯಲ್ಲಿ ಸಾವುಗಳಾಗುತ್ತವೆ. ಬೇಗ ಚಿಕಿತ್ಸೆ ಸಿಕ್ಕಿದ್ದರೆ ಈ ರೋಗಿ ಉಳಿಯುತ್ತಿದ್ದರೇ, ಎಷ್ಟು ಕಡೆ ಬಾಗಿಲು ತಟ್ಟಿದರು, ಸರ್ಕಾರಿ ಆಸ್ಪತ್ರೆ ಎಷ್ಟು ದೂರವಿತ್ತು ಎಂಬುದನ್ನು ವಿಚಾರಿಸಿ ಬರೆದ ವರದಿಗೆ ತೂಕ ಹೆಚ್ಚು. ಹಾಗೆ ವಿಚಾರಿಸಿದ ಮೇಲೂ ನಿಲ್ಲುವ ಕಥೆ ನಿಜವಾದ ಆರೋಪ. ಉಳಿದದ್ದು ಅನುಮಾನ ಮಾತ್ರ.

ಎರಡನೆಯದು ನಮ್ಮ ಪಾಲಿಗೆ ಇನ್ನೂ ಮುಖ್ಯವಾದದ್ದು. ಮುಷ್ಕರ ಮುಗಿದು, ಮಸೂದೆ ಬದಲಾವಣೆಗಳೊಂದಿಗೆ ಅದೇ ತಿಂಗಳು ಅಂಗೀಕಾರವಾಯಿತು. ಹೆಚ್ಚು ಶುಲ್ಕ ಪಡೆದದ್ದಕ್ಕೆ ಜೈಲು ಎಂಬ ಅಂಶ ಹೋಯಿತು. ಸರ್ಕಾರದ ದರ ನಿಗದಿ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗೆ ಸೀಮಿತವಾಯಿತು. ಆದರೆ ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಾಕಿ ಬಿಲ್ಲಿಗಾಗಿ ಮೃತದೇಹವನ್ನು ಹಿಡಿದಿಡುವಂತಿಲ್ಲ, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಮುಷ್ಕರದ ಕಣ್ಣೀರಿನ ಕಥೆ ನೆನಪಿರುವ ಎಷ್ಟು ಜನರಿಗೆ ಈ ಹಕ್ಕುಗಳು ನೆನಪಿವೆ? ನಮ್ಮ ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಕಥೆ ಮುಖಪುಟದಲ್ಲಿತ್ತು, ಕಾನೂನು ಒಳಪುಟದಲ್ಲಿತ್ತು.

ಕಥೆಯಾಗದ ಕಥೆಗಳು

ಸತ್ತವರ ಕಥೆ ಬರೆಯಬಹುದು. ಸಾಯದೆ ಉಳಿದವರ ಕಥೆ ಬರೆಯುವುದು ಹೇಗೆ? ತಾನು ಉಳಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಅಲ್ಲಿ ಅಂಕಿಯೇ ಮಾತಾಡಬೇಕು.

2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಒದಗಿಸಿತು. ಸಂಶೋಧಕರು ಯೋಜನೆ ಇದ್ದ 300 ಹಳ್ಳಿಗಳನ್ನು, ಅವುಗಳ ನೆರೆಯಲ್ಲೇ ಇದ್ದರೂ ಯೋಜನೆ ಇನ್ನೂ ತಲುಪದ 272 ಹಳ್ಳಿಗಳೊಂದಿಗೆ ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಯೋಜನೆ ಇದ್ದಲ್ಲಿ ಶೇ 0.32, ಇಲ್ಲದಲ್ಲಿ ಶೇ 0.90. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟೋ ಮನೆಗಳ ದೀಪ ಆರದೆ ಉಳಿದಿದೆ. ಅವರಲ್ಲಿ ಒಬ್ಬರ ಫೋಟೊವೂ ಪತ್ರಿಕೆಯಲ್ಲಿ ಬರಲಾರದು.

ಇನ್ನೊಂದು ಉದಾಹರಣೆ ತಾಯಂದಿರ ಸಾವಿನದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು. ತಾಯಿಯನ್ನು ಕಳೆದುಕೊಂಡ ಹಸುಳೆಗಳ ಚಿತ್ರಗಳು ರಾಜ್ಯವನ್ನು ಕಲಕಿದವು. ಆ ಕಂಪನಿಯ ದ್ರಾವಣದ ಬಳಕೆ ನಿಂತಿತು, ಔಷಧ ನಿಯಂತ್ರಕರು ಅಮಾನತಾದರು, ರಾಜ್ಯದಲ್ಲಾದ ತಾಯಂದಿರ ಸಾವುಗಳ ಪರಿಶೋಧನೆಗೆ ಸರ್ಕಾರ ಮುಂದಾಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ನೋಡಿದ ಆ ಪರಿಶೋಧನೆ, ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದಿತು. ಐವರ ಕಥೆ ಇಲ್ಲದಿದ್ದರೆ ಉಳಿದ ನೂರಾರು ತಾಯಂದಿರ ಲೆಕ್ಕ ಇಷ್ಟು ಬೇಗ ಹೊರಗೆ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಇದು ಕಥೆಯ ಗೆಲುವು.

ಆದರೆ ಅದೇ ದಿನಗಳಲ್ಲಿ 'ಸರ್ಕಾರಿ ಆಸ್ಪತ್ರೆಗೆ ಹೋದರೆ ಸಾವೇ ಗತಿ' ಎಂಬ ಮಾತು ನಮ್ಮ ಸಂತೆ, ಬಸ್ ನಿಲ್ದಾಣಗಳಲ್ಲೂ ಕೇಳಿಬಂತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇತ್ತು, 2018–20ರ ಹೊತ್ತಿಗೆ 69ಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ರೂಢಿ ಬೆಳೆದದ್ದು ಈ ಇಳಿಕೆಗೆ ದೊಡ್ಡ ಕಾರಣ. ಬಳ್ಳಾರಿಯ ಕಥೆಯನ್ನಷ್ಟೇ ಓದಿ ಒಬ್ಬ ಗರ್ಭಿಣಿ ಮನೆಯಲ್ಲೇ ಹೆರಲು ನಿರ್ಧರಿಸಿದರೆ ಅವಳ ಅಪಾಯ ಹೆಚ್ಚುತ್ತದೆ. ನೋವಿನ ಕಥೆ ಸತ್ಯ. 228ರಿಂದ 69ಕ್ಕೆ ಬಂದ ದಾರಿಯೂ ಸತ್ಯ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ವಿದ್ಯಾವಂತರ ಓದು.

ಫೋಟೊದೊಳಗಿನ ಹುಡುಗಿ

ಈಗ ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ಹತ್ತು ವರ್ಷಗಳ ಹಿಂದೆ ನಮ್ಮ ಖಾಲಾ ಅವರ ಮಗಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದೆ ಎಂದು ತಿಳಿಯಿತು. ಆಗ ಅವಳಿಗೆ ಒಂಬತ್ತು ವರ್ಷ. ಖಾಲೂ ಲಾರಿ ಕ್ಲೀನರ್. ಪತ್ರಿಕೆಯೊಂದರಲ್ಲಿ ಮಗುವಿನ ಫೋಟೊ, ಹೆಸರು, ಬೀದಿಯ ವಿಳಾಸ, ಖಾತೆ ಸಂಖ್ಯೆಯೊಂದಿಗೆ ನೆರವಿನ ಮೊರೆ ಬಂತು. ಪರಿಚಯವೇ ಇಲ್ಲದವರು ಹಣ ಕಳಿಸಿದರು. ಪಕ್ಕದ ಬೀದಿಯ ಗೌಡರು ಐದು ಸಾವಿರ ಕೊಟ್ಟರು, ಜಮಾತಿನವರು ಜುಮಾ ದಿನ ಚಂದಾ ಎತ್ತಿದರು. ಶಸ್ತ್ರಚಿಕಿತ್ಸೆ ಆಯಿತು. ಹುಡುಗಿ ಚೆನ್ನಾಗಿದ್ದಾಳೆ. ಆ ಪತ್ರಿಕೆಯ ಋಣ ನಮ್ಮ ಮೇಲಿದೆ.

ಆದರೆ ಆ ಸುದ್ದಿಯಲ್ಲಿ ಒಂದು ಸಾಲು ಇರಲಿಲ್ಲ. 2013ರಿಂದಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ಹೃದಯದೋಷವೂ ಸೇರಿದಂತೆ ಹಲವು ತೊಂದರೆಗಳನ್ನು ಅಂಗನವಾಡಿ, ಶಾಲೆಗಳಲ್ಲೇ ಪತ್ತೆ ಮಾಡಿ ಉಚಿತ ಚಿಕಿತ್ಸೆಗೆ ಕಳಿಸುವುದು ಅದರ ಉದ್ದೇಶ. ಖಾತೆ ಸಂಖ್ಯೆಗೆ ಜಾಗವಿದ್ದ ಸುದ್ದಿಯಲ್ಲಿ ಈ ಮಾಹಿತಿಗೆ ಜಾಗವಿರಲಿಲ್ಲ. ಅದಿದ್ದಿದ್ದರೆ ನಮಗಲ್ಲದಿದ್ದರೂ ಆ ಸುದ್ದಿ ಓದಿದ ಇನ್ನೊಂದು ಮನೆಯ ಮಗುವಿಗೆ ದಾರಿ ಸಿಗುತ್ತಿತ್ತು. ಮೊರೆ ಒಂದು ಮಗುವನ್ನು ಉಳಿಸಿತು, ಮಾಹಿತಿ ಹಲವರನ್ನು ತಲುಪಬಹುದಿತ್ತು.

ಮುಂದೆ ಅವಳಿಗೆ ಸಂಬಂಧ ನೋಡಲು ಆರಂಭಿಸಿದಾಗ ಆ ಹಳೆಯ ಫೋಟೊ ಯಾರದೋ ಮೊಬೈಲಿನಲ್ಲಿ ಮತ್ತೆ ತಿರುಗಾಡಿತು. 'ಪೇಪರಿನಲ್ಲಿ ಬಂದ ಹಾರ್ಟ್ ಪೇಷಂಟ್ ಹುಡುಗಿ' ಎಂಬ ಹೆಸರು ಅಂಟಿಕೊಂಡಿತ್ತು. ವೈದ್ಯರು ಪೂರ್ತಿ ಗುಣವಾಗಿದೆ ಎಂದು ಬರೆದುಕೊಟ್ಟರೂ ಎರಡು ಸಂಬಂಧಗಳು ಹಿಂದೆ ಸರಿದವು. ಒಂಬತ್ತು ವರ್ಷದ ಮಗುವನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಕಷ್ಟದಲ್ಲಿದ್ದ ತಂದೆತಾಯಿಗೆ ಬೇಡ ಎನ್ನುವ ಸ್ಥಿತಿಯೂ ಇರಲಿಲ್ಲ. ಬಡವರು ಚಿಕಿತ್ಸೆಗೆ ಹಣದ ಜೊತೆಗೆ ತಮ್ಮ ಮಾನವನ್ನೂ ತೆರಬೇಕಾಗುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಹೀಗಿದ್ದರೂ 2020ರ ಮಾರ್ಚ್‌ನಲ್ಲಿ ಕೊರೊನಾ ಭಯದ ನಡುವೆ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ಸಾರ್ವಜನಿಕವಾಗಿ ಹರಿದಾಡಿತು. ಭಯ ಮತ್ತು ಕರುಣೆ ಎರಡೂ ಅತಿಯಾದಾಗ ರೋಗಿಯ ಗುಟ್ಟು ಮೊದಲು ಬಲಿಯಾಗುತ್ತದೆ.

ಓದುವಾಗ ಕೇಳಬೇಕಾದ ಐದು ಪ್ರಶ್ನೆಗಳು

1. ಈ ವ್ಯಕ್ತಿಗೆ ಆದದ್ದು ಅಪರೂಪವೇ, ಸಾಮಾನ್ಯವೇ? ಇಂಥವರು ಎಷ್ಟು ಮಂದಿ ಎಂಬುದನ್ನು ಸುದ್ದಿ ಹೇಳಿದೆಯೇ?

2. ಹೊಣೆ ಯಾರದು? ಒಬ್ಬ ನರ್ಸ್ ಅಥವಾ ವೈದ್ಯರ ಮೇಲೆ ಬೆರಳು ತೋರಿಸಿ ನಿಂತಿದೆಯೇ, ಅಥವಾ ಖಾಲಿ ಹುದ್ದೆ, ಔಷಧ ಖರೀದಿ, ಅನುದಾನದವರೆಗೆ ಹೋಗಿದೆಯೇ?

3. ಯಾವ ಯೋಜನೆ ಅಥವಾ ಹಕ್ಕು ಇಲ್ಲಿ ಅನ್ವಯಿಸುತ್ತದೆ? ಉದಾಹರಣೆಗೆ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಒಂದು ಪತ್ರ ತಿಳಿಯದೆ ಸಾಲ ಮಾಡಿದವರು ನಮ್ಮ ನಡುವೆಯೇ ಇದ್ದಾರೆ.

4. ಯಾರ ಕಥೆ ಇಲ್ಲಿಲ್ಲ? ಮಾತಾಡಲು ಸಿಕ್ಕವರ, ಫೋಟೊ ಚೆನ್ನಾಗಿ ಬರುವವರ ಕಥೆ ಬರುತ್ತದೆ. ತೋಟದ ಲೈನ್ ಮನೆಯ ವಲಸೆ ಕೂಲಿಯ, ಬಹುಕಾಲದ ಸಕ್ಕರೆ ಕಾಯಿಲೆಯ ಮುದುಕಿಯ ಕಥೆ ಎಲ್ಲಿ?

5. ಕಥೆಯೊಳಗಿನ ವ್ಯಕ್ತಿ ಒಪ್ಪಿದ್ದಾರೆಯೇ? ಹತ್ತು ವರ್ಷದ ನಂತರ ಈ ಸುದ್ದಿಯನ್ನು ನೋಡಿದರೆ ಅವರಿಗೆ ಹೇಗನಿಸೀತು?

ವಿದ್ಯಾರ್ಥಿಗಳಿಗೆ ಚಟುವಟಿಕೆ

ನಾಲ್ಕು ಜನರ ತಂಡ ಮಾಡಿಕೊಳ್ಳಿ. ವಾಚನಾಲಯದಲ್ಲಿರುವ ಕಳೆದ ಒಂದು ತಿಂಗಳ ಪತ್ರಿಕೆಗಳಿಂದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಆರೋಗ್ಯ ಸುದ್ದಿಗಳನ್ನು ಆರಿಸಿ, ಮೇಲಿನ ನಾಲ್ಕು ಬಗೆಗಳಲ್ಲಿ ವಿಂಗಡಿಸಿ. ಒಂದು ಸುದ್ದಿಯನ್ನು ಆಯ್ದು ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಉತ್ತರ ಸುದ್ದಿಯಲ್ಲಿ ಇಲ್ಲದಿದ್ದರೆ ನೀವೇ ಹುಡುಕಿ. ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.

ಒಂದು ಎಚ್ಚರಿಕೆ. ಆಸ್ಪತ್ರೆಗೆ ಹೋದಾಗ ಯಾವ ರೋಗಿಯ ಫೋಟೊವನ್ನೂ ತೆಗೆಯಬೇಡಿ, ಯಾರ ಕಾಯಿಲೆಯ ವಿವರವನ್ನೂ ಸ್ಟೇಟಸ್‌ಗೆ ಹಾಕಬೇಡಿ. ಅವರು ಒಪ್ಪಿ ಹೇಳಿದ ಮಾತನ್ನಷ್ಟೇ ಬರೆದುಕೊಂಡು, ಹೆಸರು ಬದಲಿಸಿ, ಬರೆದದ್ದನ್ನು ಅವರಿಗೇ ಓದಿ ತೋರಿಸಿ. ಬೇಡ ಎಂದರೆ ಹೊಡೆದುಹಾಕಿ. ವರದಿಗಳಲ್ಲಿ ಒಳ್ಳೆಯವು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರುತ್ತವೆ. ಜೊತೆಗೆ, ನೀವು ಕಂಡುಕೊಂಡ ಯೋಜನೆ ಮತ್ತು ಹಕ್ಕುಗಳ ಒಂದು ಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕೋಣ. ಮನೆಗೂ ಒಂದು ಪ್ರತಿ ಒಯ್ಯಿರಿ.